ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ನಂತರದ ಮಾನಸಿಕ ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ಅತಿಯಾದ ಬೊಜ್ಜಿನ ನಿವಾರಣೆಗಾಗಿ ಜಠರವನ್ನು ಕಿರಿದುಗೊಳಿಸುವ ಅಥವಾ ಆಹಾರವು ಸಾಗುವ ಮಾರ್ಗವನ್ನು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎನ್ನಲಾಗುತ್ತದೆ. ಕಾಮಗೆರೆ, ಹನೂರು, ಕೊಳ್ಳೇಗಾಲ ಹಾಗೂ ಯಳಂದೂರು ಭಾಗದವರು ಇದಕ್ಕಾಗಿ ಸಾಮಾನ್ಯವಾಗಿ ಮೈಸೂರು ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳನ್ನು ಅವಲಂಬಿಸಬೇಕಾಗುತ್ತದೆ. ಗಾಯ ಮಾಗಿ, ತೂಕ ಇಳಿಯತೊಡಗಿದ ಮೇಲೆ ಅಷ್ಟು ದೂರದ ಮರುತಪಾಸಣೆ ತಪ್ಪಿಹೋಗುವುದು ಸಹಜ. ಆದರೆ ಮನಸ್ಸಿಗೆ ಸಂಬಂಧಿಸಿದ ತೊಂದರೆಗಳು ಬಹುಮಟ್ಟಿಗೆ ಕಾಣಿಸಿಕೊಳ್ಳುವುದು ಆ ನಂತರವೇ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

ಮೊದಲ ವರ್ಷದಲ್ಲಿ ಹೆಚ್ಚಿನವರ ಮನಃಸ್ಥಿತಿ ಸುಧಾರಿಸುತ್ತದೆ. ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದ 8,815 ಮಂದಿಯನ್ನು ಅಧ್ಯಯನ ಮಾಡಿದಾಗ, ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದವರು 111 ಮಂದಿ. ಸಂಖ್ಯೆ ಚಿಕ್ಕದಾದರೂ, ಇಂತಹ ಪ್ರಕರಣಗಳು ಶಸ್ತ್ರಚಿಕಿತ್ಸೆಗೆ ಮುಂಚಿನ ಅವಧಿಗಿಂತ ಸುಮಾರು ಒಂದೂವರೆ ಪಟ್ಟಾಗಿದ್ದವು. ನಂತರದ ಪ್ರಕರಣಗಳಲ್ಲಿ ಬಹುಪಾಲು ಎರಡನೆಯ ಹಾಗೂ ಮೂರನೆಯ ವರ್ಷದಲ್ಲಿ ನಡೆದಿದ್ದವು.

ಇದಕ್ಕೆ ಕಾರಣಗಳು ಹಲವು. ದುಃಖವಾದಾಗ ಊಟದಲ್ಲಿ ಸಮಾಧಾನ ಕಾಣುತ್ತಿದ್ದವರಿಗೆ ಆ ಆಸರೆ ಒಮ್ಮೆಲೇ ಇಲ್ಲವಾಗುತ್ತದೆ. ಮದುವೆ, ಜಾತ್ರೆಗಳಲ್ಲಿ ನಾಲ್ಕು ತುತ್ತಿಗೇ ಕೈತೊಳೆಯುವವರಿಗೆ ಬಡಿಸುವವರ ಒತ್ತಾಯವೂ ಸಂಕಟವಾಗುತ್ತದೆ. ದಪ್ಪವಿದ್ದಾಗ ಹಾಸ್ಯ ಮಾಡಿದ ಊರೇ, ಸೊರಗಿದಾಗ ಸಕ್ಕರೆ ಕಾಯಿಲೆಯೋ ಕ್ಷಯವೋ ಎಂದು ವಿಚಾರಿಸುತ್ತದೆ. ಜೋತುಬಿದ್ದ ಚರ್ಮ, ಸಂಸಾರದಲ್ಲಿ ತಲೆದೋರುವ ಏರುಪೇರು, ಕೆಲವು ವರ್ಷಗಳ ನಂತರ ತೂಕ ಮರಳಿದಾಗಿನ ನಾಚಿಕೆ ಇವೂ ಸೇರುತ್ತವೆ. ತೂಕ ಇಳಿದರೆ ಎಲ್ಲ ಕಷ್ಟವೂ ಕಳೆಯುವುದೆಂದು ನಂಬಿದವರಿಗೆ ನಿರಾಶೆ ಹೆಚ್ಚು.

ಮದ್ಯಪಾನದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಬೈಪಾಸ್ ಮಾದರಿಯ ಶಸ್ತ್ರಚಿಕಿತ್ಸೆಯ ಬಳಿಕ ಮದ್ಯವು ಬೇಗನೆ ರಕ್ತಕ್ಕೆ ಸೇರಿ ಅಮಲು ತೀವ್ರವಾಗುತ್ತದೆ. ಊಟದ ಜಾಗಕ್ಕೆ ಕುಡಿತ ಬಂದು ನಿಲ್ಲುವುದನ್ನು ಮನೆಯವರು ತಡವಾಗಿ ಗುರುತಿಸುತ್ತಾರೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮದ್ಯವ್ಯಸನದ ಪ್ರಮಾಣವು ಶಸ್ತ್ರಚಿಕಿತ್ಸೆಗೆ ಮುಂಚೆ ಶೇ. 7.6 ಇದ್ದು, ಎರಡನೆಯ ವರ್ಷದಲ್ಲಿ ಶೇ. 9.6ಕ್ಕೆ ಏರಿತ್ತು.

ಮನೋವ್ಯಾಧಿಗೆ ಈಗಾಗಲೇ ಔಷಧ ಸೇವಿಸುತ್ತಿರುವವರು ಅದನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ. ನಿಧಾನವಾಗಿ ಕರಗುವ ಮಾತ್ರೆಗಳು ಮೊದಲಿನಂತೆ ದೇಹಕ್ಕೆ ಸೇರದಿರಬಹುದು. ಲಿಥಿಯಂ ಸೇವಿಸುವವರಲ್ಲಿ ಅದರ ಅಂಶ ರಕ್ತದಲ್ಲಿ ಅಪಾಯಕರ ಮಟ್ಟಕ್ಕೆ ಏರಬಹುದು. ಆದುದರಿಂದ ಪ್ರಮಾಣವನ್ನು ವೈದ್ಯರಿಂದ ಮರುಪರಿಶೀಲನೆ ಮಾಡಿಸಿಕೊಳ್ಳಬೇಕು. ಬಿ-12 ಜೀವಸತ್ವದ ಕೊರತೆಯಿಂದಲೂ ಬೇಸರ ಮತ್ತು ಮರೆವು ಉಂಟಾಗುತ್ತವೆ. ರಕ್ತಪರೀಕ್ಷೆಯಿಂದ ಇದನ್ನು ಕಂಡುಹಿಡಿಯಬಹುದು, ಚಿಕಿತ್ಸೆಯೂ ಸುಲಭ.

ಹಲವು ದಿನ ವಾಂತಿಯಾದ ಬಳಿಕ ವ್ಯಕ್ತಿಯು ಗಲಿಬಿಲಿಗೊಂಡು ಮಾತನಾಡಿದರೆ, ನಡಿಗೆ ತಡವರಿಸಿದರೆ ಅಥವಾ ಎದುರಿನದು ಎರಡಾಗಿ ಕಂಡರೆ, ಅದು ಬಿ-1 ಜೀವಸತ್ವದ ತೀವ್ರ ಕೊರತೆಯಾಗಿರುವ ಸಂಭವವಿದ್ದು, ತುರ್ತು ಪರಿಸ್ಥಿತಿಯಾಗಿರುತ್ತದೆ. ಬುದ್ಧಿಭ್ರಮಣೆಯೆಂದೋ ಗಾಳಿ ಸೋಕಿದೆಯೆಂದೋ ಭಾವಿಸಿ ಕಾಯಬಾರದು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಬಿ-1 ನೀಡದೆ ಗ್ಲೂಕೋಸ್ ಹನಿ ಹಾಕಿದರೆ ಸ್ಥಿತಿ ಉಲ್ಬಣಿಸುವ ಸಾಧ್ಯತೆ ಇರುವುದರಿಂದ, ಯಾವುದೇ ಆಸ್ಪತ್ರೆಗೆ ಹೋದರೂ ಶಸ್ತ್ರಚಿಕಿತ್ಸೆಯಾಗಿರುವುದನ್ನು ಮೊದಲು ತಿಳಿಸಬೇಕು.

ಸೇವೆ ಪಡೆಯುವ ವಿಧಾನ

ಮಾನಸಿಕ ಚಿಕಿತ್ಸೆಗಾಗಿ ಶಸ್ತ್ರಚಿಕಿತ್ಸೆ ನಡೆದ ಊರಿಗೇ ಹೋಗಬೇಕೆಂದಿಲ್ಲ. ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ರೂಪಿಸಿದ ಮಾದರಿಯನ್ನು ಆಧರಿಸಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಮನೆಗೆ ಹತ್ತಿರದಲ್ಲೇ ಚಿಕಿತ್ಸೆ ಒದಗಿಸುವ ಉದ್ದೇಶದ್ದು. ಕೊಳ್ಳೇಗಾಲದ ಸರ್ಕಾರಿ ಉಪವಿಭಾಗ ಆಸ್ಪತ್ರೆ ಅಥವಾ ಚಾಮರಾಜನಗರದ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರು ಲಭ್ಯವಿರುವ ದಿನವನ್ನು ವಿಚಾರಿಸಿಕೊಂಡು ಹೋಗುವುದು ಸೂಕ್ತ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೂಲಕವೂ ಹೋಗಬಹುದು. ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ಸೇವಿಸುತ್ತಿರುವ ಔಷಧಗಳ ಚೀಟಿ ಹಾಗೂ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ಜೊತೆಯಲ್ಲಿ ಒಯ್ಯಬೇಕು. ಬಿಡುಗಡೆ ಪತ್ರ ಕಳೆದಿದ್ದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅರ್ಜಿ ಸಲ್ಲಿಸಿ ಪ್ರತಿ ಕೋರಬಹುದು. ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬೇಕಾಗಿಲ್ಲ.

ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮ, 2017ರ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವ ಮನೋರೋಗಿಗಳು, ಪಡಿತರ ಚೀಟಿ ಹೊಂದಿರದಿದ್ದರೂ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು. ಚಿಕಿತ್ಸೆಯ ವಿವರ ಗೋಪ್ಯವಾಗಿರತಕ್ಕದ್ದು. ವಿಮಾ ಕಂಪನಿಗಳು ಮನೋರೋಗಕ್ಕೂ ದೈಹಿಕ ರೋಗದಂತೆಯೇ ವಿಮೆ ಒದಗಿಸಬೇಕೆಂದು ಇದೇ ಅಧಿನಿಯಮವು ವಿಧಿಸಿದೆ.

ಬದುಕು ಬೇಡವೆಂಬ ಆಲೋಚನೆ ಸುಳಿದಲ್ಲಿ ತಪಾಸಣೆಯ ದಿನಕ್ಕಾಗಿ ಕಾಯದೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತವಾಗಿದ್ದು, ಹಗಲು ರಾತ್ರಿ ಕನ್ನಡದಲ್ಲಿ ಲಭ್ಯವಿದೆ. ರೋಗಿಯ ಪರವಾಗಿ ಮನೆಯವರೂ ಕರೆ ಮಾಡಬಹುದು. ಪ್ರಾಣಾಪಾಯದ ಸಂದರ್ಭದಲ್ಲಿ 108 ಆಂಬ್ಯುಲೆನ್ಸ್ ಕರೆಯತಕ್ಕದ್ದು.