ಬೋರ್ಡ್ ಬರೆಯೋ ಅಪ್ಪ, ರೆಸ್ಯೂಮ್ ಬರೆಯೋ ಮಗ

ಕೆಲಸ ಹೋದ ಮೂರನೇ ದಿನ ನಾನು ಏನು ಮಾಡಿದೆ ಗೊತ್ತಾ? 499 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ರೆಸ್ಯೂಮ್ ಟೆಂಪ್ಲೇಟ್ ಕೊಂಡೆ.

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಎಂಟು ವರ್ಷ ಆಗಿತ್ತು. ಒಂದು ಬೆಳಿಗ್ಗೆ ಹದಿನೈದು ನಿಮಿಷದ ವಿಡಿಯೊ ಕಾಲ್. ನಿಮ್ಮ ಟೀಮ್ ಇನ್ನು ಇರಲ್ಲ, ಎರಡು ತಿಂಗಳ ಸಂಬಳ ಕೊಡ್ತೀವಿ ಅಂದರು. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ತಿಪಟೂರಿನಲ್ಲಿ ಅಪ್ಪ ಅಮ್ಮನಿಗೆ ಅಂತ ಕಟ್ಟಿಸಿದ ಮನೆಯ ಇಎಂಐ ತಿಂಗಳಿಗೆ 24 ಸಾವಿರ. ಊರಿಗೆ ವಿಷಯ ಹೇಳಲಿಲ್ಲ. ಹೊಸ ಕೆಲಸ ಸಿಕ್ಕಿದ ಮೇಲೆ ಎರಡನ್ನೂ ಒಟ್ಟಿಗೆ ಹೇಳಿದರಾಯ್ತು ಅಂದುಕೊಂಡೆ.

ಕಾಲೇಜಿನಲ್ಲಿ ಬರೆದ ಬಯೋಡೇಟಾ ನಿಮಗೂ ನೆನಪಿರಬಹುದು. ತಂದೆಯ ಹೆಸರು, ಹುಟ್ಟಿದ ದಿನ, ಹವ್ಯಾಸ ಕ್ರಿಕೆಟ್ ನೋಡುವುದು, ಕೊನೆಯಲ್ಲಿ ‘ಮೇಲಿನ ಮಾಹಿತಿಯೆಲ್ಲ ಸತ್ಯ’ ಅಂತ ಒಂದು ಪ್ರಮಾಣ, ಸ್ಥಳ, ದಿನಾಂಕ, ಸಹಿ. ಇಡೀ ಕ್ಲಾಸಿನದ್ದು ಒಂದೇ ಫೈಲ್, ಹೆಸರು ಮಾತ್ರ ಬೇರೆ. ಈಗ ಅದೆಲ್ಲ ನಡೆಯಲ್ಲ, ವಿಷುಯಲ್ ರೆಸ್ಯೂಮ್ ಮಾಡಿ, ಪರ್ಸನಲ್ ಬ್ರ್ಯಾಂಡ್ ಕಟ್ಟಿ ಅಂತ ಯೂಟ್ಯೂಬ್ ತುಂಬ ಸಲಹೆ. ಸರಿ, ನಾನೂ ಮಾಡಿದೆ.

ಎಡಗಡೆ ಕಡುನೀಲಿ ಪಟ್ಟಿ. ಅದರಲ್ಲಿ ದುಂಡಗೆ ಕತ್ತರಿಸಿದ ಫೋಟೊ. ಫೋನ್ ನಂಬರಿಗೊಂದು ಪುಟ್ಟ ಚಿತ್ರ, ಇಮೇಲಿಗೊಂದು ಚಿತ್ರ. ಕೆಳಗೆ ಸ್ಕಿಲ್‌ಗಳಿಗೆ ಸ್ಟಾರ್: ಜಾವಾಗೆ ಐದು, ಡೇಟಾಬೇಸ್‌ಗೆ ನಾಲ್ಕು. ಜಾಗ ಉಳಿದಿತ್ತು, ಮೆಷಿನ್ ಲರ್ನಿಂಗ್‌ಗೂ ನಾಲ್ಕು ಕೊಟ್ಟುಬಿಟ್ಟೆ. ಆನ್‌ಲೈನ್‌ನಲ್ಲಿ ಒಂದು ಕೋರ್ಸ್ ಅರ್ಧ ನೋಡಿದ್ದೆನಲ್ಲ! ನೋಡೋಕೆ ಮಾತ್ರ ಬಹಳ ಚೆನ್ನಾಗಿತ್ತು. ರೂಮ್‌ಮೇಟ್ ನೋಡಿ ‘ಮಗಾ, ಮದುವೆ ಕಾರ್ಡ್ ಥರ ಇದೆ’ ಅಂದ. ಹೊಗಳಿಕೆ ಅಂತಲೇ ತಗೊಂಡೆ.

ಐದು ವಾರದಲ್ಲಿ ಎಪ್ಪತ್ತು ಕಡೆ ಕಳಿಸಿದೆ. ಬಂದದ್ದು ಒಂದೇ ಕಾಲ್.

ಆ ಒಂದು ಇಂಟರ್‌ವ್ಯೂನಲ್ಲಿ ಅವರು ಮೊದಲು ಕೇಳಿದ್ದೇ ಮೆಷಿನ್ ಲರ್ನಿಂಗ್ ಬಗ್ಗೆ. ‘ನಾಲ್ಕು ಸ್ಟಾರ್ ಕೊಟ್ಟಿದ್ದೀರಿ, ನೀವು ಮಾಡಿದ ಒಂದು ಮಾಡೆಲ್ ಬಗ್ಗೆ ಹೇಳಿ.’ ತಡವರಿಸಿದೆ. ಆಮೇಲೆ ಜಾವಾ ಬಗ್ಗೆ ಸರಿಯಾಗಿಯೇ ಉತ್ತರ ಕೊಟ್ಟೆ, ಆದರೆ ಅವರು ಅಷ್ಟು ಹೊತ್ತಿಗೆ ನನ್ನನ್ನು ನಂಬೋದು ಬಿಟ್ಟಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿಲ್ಲದ ಒಂದಕ್ಕೆ ಕೊಟ್ಟ ಸ್ಟಾರ್, ಗೊತ್ತಿದ್ದ ಎಲ್ಲದರ ಸ್ಟಾರ್‌ಗಳನ್ನೂ ಕಿತ್ತುಕೊಂಡು ಹೋಗಿತ್ತು.

ನನ್ನ ಹೆಸರು ‘ನನ್ನ ಬಗ್ಗೆ’!

ಉಳಿದ ಅರವತ್ತೊಂಬತ್ತು ಕಡೆ ಏನಾಯ್ತು? ಹಳೇ ಆಫೀಸಿನ ಗೆಳತಿಯೊಬ್ಬಳು ಈಗ ಬೇರೆ ಕಡೆ ಎಚ್‌ಆರ್. ಅವಳಿಗೆ ರೆಸ್ಯೂಮ್ ಕಳಿಸಿ ಕೇಳಿದೆ. ಅವಳು ನಕ್ಕು, ತಮ್ಮ ಸಿಸ್ಟಮ್‌ನಲ್ಲಿ ಅದು ಹೇಗೆ ಕಾಣುತ್ತೆ ಅಂತ ಸ್ಕ್ರೀನ್ ಶೇರ್ ಮಾಡಿ ತೋರಿಸಿದಳು.

ಹೆಸರು ಇರಬೇಕಾದ ಜಾಗದಲ್ಲಿ ‘ನನ್ನ ಬಗ್ಗೆ’ ಅಂತ ಇತ್ತು. ಫೋನ್ ನಂಬರ್ ಇರಲೇ ಇಲ್ಲ. ಎಡಗಡೆಯ ಪಟ್ಟಿಯೂ ಬಲಗಡೆಯ ಅನುಭವವೂ ಸಾಲು ಸಾಲಾಗಿ ಕಲಸಿಹೋಗಿ, ನಾನು ನಾಲ್ಕು ವರ್ಷ ‘ಬ್ಯಾಡ್ಮಿಂಟನ್’ ಅನ್ನೋ ಹುದ್ದೆಯಲ್ಲಿ ಕೆಲಸ ಮಾಡಿದ ಹಾಗಾಗಿತ್ತು.

ಸಾಫ್ಟ್‌ವೇರ್ ಕೆಲಸದಲ್ಲೇ ಇದ್ದವನಿಗೆ ಇದು ಹೊಳೆಯಬೇಕಿತ್ತು. ದೊಡ್ಡ ಕಂಪನಿಗಳಿಗೆ ನಾವು ಕಳಿಸುವ ರೆಸ್ಯೂಮ್ ನೇರವಾಗಿ ಮನುಷ್ಯರ ಕಣ್ಣಿಗೆ ಬೀಳುವುದು ಕಡಿಮೆ. ಮೊದಲು ಎಟಿಎಸ್ ಅನ್ನೋ ತಂತ್ರಾಂಶ ಅದರೊಳಗಿನ ಅಕ್ಷರಗಳನ್ನು ಎತ್ತಿಕೊಂಡು ಹೆಸರು, ಓದು, ಅನುಭವ ಅಂತ ಖಾನೆಗಳಿಗೆ ತುಂಬುತ್ತೆ. ಎಚ್‌ಆರ್‌ನವರು ‘ಜಾವಾ, ಬೆಂಗಳೂರು, ಏಳು ವರ್ಷ’ ಅಂತ ಹುಡುಕಿದಾಗ ಆ ಖಾನೆಗಳಲ್ಲಿ ಇದ್ದವರು ಸಿಗುತ್ತಾರೆ. ನನ್ನನ್ನು ಯಾರೂ ಬೇಡ ಅಂದಿರಲಿಲ್ಲ. ಹುಡುಕಿದಾಗ ನಾನು ಸಿಕ್ಕೇ ಇರಲಿಲ್ಲ, ಅಷ್ಟೇ.

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿದ್ದೀರಾ? ಕಣ್ಣಿಗೆ ಚೆಂದದ ಕನ್ನಡ, ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಗುರುತುಗಳು. ನನ್ನ ರೆಸ್ಯೂಮ್ ಕಥೆಯೂ ಹೆಚ್ಚುಕಡಿಮೆ ಅದೇ.

ರಸ್ತೆ ಆಚೆ ನಿಂತು ನೋಡು

ಹಬ್ಬಕ್ಕೆ ಊರಿಗೆ ಹೋದೆ. ಎರಡನೇ ದಿನವೂ ಲ್ಯಾಪ್‌ಟಾಪ್ ತೆಗೆಯದೆ ಕೂತಿದ್ದು ನೋಡಿ ಅಪ್ಪನಿಗೆ ಗೊತ್ತಾಯ್ತು. ‘ಕೆಲಸ ಹೋಯ್ತಾ ಮಗ?’ ಅಂತ ಮೆಲ್ಲಗೆ ಕೇಳಿದರು. ಹೂಂ ಅಂದೆ. ಬೈಯಲಿಲ್ಲ. ‘ಎಲ್ಲಿ, ಅದೇನೋ ಕಳಿಸ್ತೀರಲ್ಲ, ತೋರ್ಸು’ ಅಂದರು.

ಅಪ್ಪ ಬೋರ್ಡ್ ಬರೆಯುವವರು. ತಗಡಿನ ಮೇಲೆ ಎನಾಮಲ್ ಪೇಂಟ್‌ನಲ್ಲಿ ಅಂಗಡಿ ಹೆಸರು ಬರೆದು ನನ್ನನ್ನು ಎಂಜಿನಿಯರ್ ಮಾಡಿದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಮುಕ್ಕಾಲು ಪಾಲು ಹೋಯಿತು. ಈಗ ಶಾಲೆಯ ಗೋಡೆ, ಲಾರಿಯ ಹಿಂಭಾಗ, ಅಪರೂಪಕ್ಕೊಂದು ಅಂಗಡಿ.

ಫೋನನ್ನು ಕೈಯಳತೆ ದೂರ ಹಿಡಿದು ನೋಡಿದರು. ‘ಬಣ್ಣ ಚೆನ್ನಾಗೈತೆ. ಇದ್ರಲ್ಲಿ ನೀನು ಏನು ಮಾಡ್ತೀಯ ಅಂತ ಎಲ್ಲೈತೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನೇ ಹೇಳಿದರು. ‘ಬೋರ್ಡ್ ಬರೆದ ಮೇಲೆ ನಾನು ರಸ್ತೆ ಆಚೆ ಹೋಗಿ ನಿಂತು ನೋಡ್ತೀನಿ. ಬಸ್ಸಲ್ಲಿ ಹೋಗೋನಿಗೆ ಅಂಗಡಿ ಹೆಸರು, ಏನು ಸಿಗುತ್ತೆ, ಇವೆರಡೂ ಕಾಣ್ಬೇಕು. ಹೂವು ಬಳ್ಳಿ ಎಲ್ಲಾ ಆಮೇಲೆ, ಜಾಗ ಉಳಿದ್ರೆ.’

ಬಸ್ಸಿನ ಲೆಕ್ಕ ಸುಳ್ಳಲ್ಲ. ಅಮೆರಿಕದ ಲ್ಯಾಡರ್ಸ್ ಅನ್ನೋ ಉದ್ಯೋಗ ತಾಣ 2018ರಲ್ಲಿ ರೆಸ್ಯೂಮ್ ನೋಡುವವರ ಕಣ್ಣಿನ ಚಲನೆ ಅಳೆದಿತ್ತು. ಮೊದಲ ನೋಟಕ್ಕೆ ಸಿಕ್ಕಿದ್ದು ಸರಾಸರಿ 7.4 ಸೆಕೆಂಡ್. ಬಸ್‌ಸ್ಟ್ಯಾಂಡಿನ ಮುಂದಿನ ಬೋರ್ಡಿಗೂ ಅಷ್ಟೇ ಸಮಯ ಸಿಗೋದು.

ಓದುವವರಿಗೆ ಏನು ಬೇಕೋ ಅದನ್ನು ಮೊದಲು ಹೇಳೋದು ಹೊಸ ಬುದ್ಧಿಯೇನಲ್ಲ. ಜಗತ್ತಿನ ಮೊದಲ ರೆಸ್ಯೂಮ್ ಅಂತ ಹಲವರು ಕರೆಯುವ ಪತ್ರ ಲಿಯೊನಾರ್ಡೊ ಡಾ ವಿಂಚಿಯದ್ದು. ಸುಮಾರು 1482ರಲ್ಲಿ ಮಿಲಾನ್‌ನ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆದದ್ದು. ಅದರಲ್ಲಿ ಹೊತ್ತೊಯ್ಯಬಹುದಾದ ಸೇತುವೆ, ಫಿರಂಗಿ, ಯುದ್ಧದ ಗಾಡಿ ಅಂತ ಸಂಖ್ಯೆ ಹಾಕಿ ಪಟ್ಟಿ ಮಾಡಿದ್ದಾನೆ. ಚಿತ್ರ ಬರೆಯುವುದೂ ಗೊತ್ತು ಅನ್ನೋ ಮಾತು ಬರೋದು ಕೊನೆಗೆ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಸೇತುವೆ ಕಟ್ಟುವವನು ಬೇಕಿತ್ತು, ಅದು ಅವನಿಗೆ ಗೊತ್ತಿತ್ತು.

ಎರಡು ಹಾಳೆ, ಎರಡು ಕೆಲಸ

ಬೆಂಗಳೂರಿಗೆ ವಾಪಸ್ ಬಂದು ಎರಡು ಹಾಳೆ ಮಾಡಿದೆ.

ಮೊದಲನೆಯದು ಸಾದಾ. ಒಂದೇ ಕಾಲಂ, ಬಿಳಿ ಹಾಳೆ, ಕಪ್ಪು ಅಕ್ಷರ. ಫೋಟೊ, ಸ್ಟಾರ್, ತಂದೆಯ ಹೆಸರು, ಪ್ರಮಾಣ ಎಲ್ಲ ತೆಗೆದೆ. ಮೇಲ್ಗಡೆ ಹೆಸರು, ಫೋನ್, ಇಮೇಲ್. ಅದರ ಕೆಳಗೆ ನಾನು ಏನು ಮಾಡ್ತೀನಿ ಅಂತ ಎರಡು ಸಾಲು. ‘ತಂಡಕ್ಕೆ ನೆರವಾಗಿದ್ದೇನೆ’ ಅನ್ನೋ ಥರದ ಸಾಲುಗಳ ಬದಲು ನಡೆದದ್ದನ್ನು ಬರೆದೆ. ಪ್ರತಿ ರಾತ್ರಿ ಓಡುವ ಬಿಲ್ಲಿಂಗ್ ರಿಪೋರ್ಟ್ ನಾಲ್ಕು ಗಂಟೆ ತಗೊಳ್ತಿತ್ತು, ಅದನ್ನು 35 ನಿಮಿಷಕ್ಕೆ ಇಳಿಸಿದೆ. ಮೆಷಿನ್ ಲರ್ನಿಂಗ್ ಅಳಿಸಿದೆ.

ಎರಡನೆಯದು ಚಿತ್ರದ ಹಾಳೆ. ಇದರಲ್ಲಿ ನನ್ನ ಇಡೀ ಜೀವನ ಇಲ್ಲ, ಆ ರಿಪೋರ್ಟಿನ ಕಥೆ ಮಾತ್ರ ಇದೆ. ಎಡಕ್ಕೆ ಮೊದಲು ಹೇಗಿತ್ತು: ಪ್ರೋಗ್ರಾಮ್ ಡೇಟಾಬೇಸ್ ಹತ್ತಿರ ಒಂದೊಂದೇ ಸಾಲು ಕೇಳಿಕೊಂಡು ಸಾವಿರಾರು ಸಲ ಓಡಾಡುತ್ತಿತ್ತು. ಬಲಕ್ಕೆ ಆಮೇಲೆ ಹೇಗಾಯ್ತು: ಬೇಕಾದದ್ದನ್ನೆಲ್ಲ ಒಟ್ಟಿಗೆ ತರುವ ಹಾಗೆ ಮಾಡಿದ್ದು. ಬಾಣಗಳು, ಎರಡೇ ಬಣ್ಣ, ಎರಡು ಸಂಖ್ಯೆ. ಗ್ರಾಹಕರ ಹೆಸರಾಗಲಿ, ಕಂಪನಿಯ ಕೋಡ್ ಆಗಲಿ ಒಂದಕ್ಷರವೂ ಇಲ್ಲ. ಅದು ನಮ್ಮದಲ್ಲ, ತೋರಿಸಬಾರದು. ಇದರ ಲಿಂಕನ್ನು ಮೊದಲ ಹಾಳೆಯಲ್ಲಿ ಹಾಕಿದೆ.

ಡಿಸೈನರ್‌ಗಳಿಗೆ, ಫೋಟೊಗ್ರಾಫರ್‌ಗಳಿಗೆ ಲೆಕ್ಕ ಬೇರೆ. ಅವರಿಗೆ ಚಿತ್ರವೇ ಕೆಲಸದ ಸಾಕ್ಷಿ. ಆದರೂ ಆನ್‌ಲೈನ್ ಅರ್ಜಿಗೆ ಒಂದು ಸಾದಾ ಹಾಳೆ ಅವರೂ ಇಟ್ಟುಕೊಳ್ಳುವುದು ಒಳ್ಳೇದು.

ಬ್ರ್ಯಾಂಡ್ ಅಂದ್ರೆ ಏನು?

‘ನೀವೇ ಒಂದು ಬ್ರ್ಯಾಂಡ್’ ಅನ್ನೋ ಮಾತು ಪ್ರಚಾರಕ್ಕೆ ಬಂದದ್ದು 1997ರಲ್ಲಿ, ಅಮೆರಿಕದ ಫಾಸ್ಟ್ ಕಂಪನಿ ಪತ್ರಿಕೆಯಲ್ಲಿ ಟಾಮ್ ಪೀಟರ್ಸ್ ಬರೆದ ಲೇಖನದಿಂದ. ಆಗ ಲಿಂಕ್ಡ್‌ಇನ್ ಇರಲಿಲ್ಲ, ಅದು ಶುರುವಾದದ್ದು 2003ರಲ್ಲಿ. ಈಗ ಬ್ರ್ಯಾಂಡ್ ಅಂದರೆ ದಿನಾ ಅಲ್ಲಿ ಏನಾದರೂ ಬರೆಯೋದು ಅಂತಾಗಿದೆ. ನಾನೂ ಬರೆದೆ. ‘ಅಮ್ಮನ ರಾಗಿಮುದ್ದೆ ನನಗೆ ಕಲಿಸಿದ ಐದು ಲೀಡರ್‌ಶಿಪ್ ಪಾಠಗಳು’. ಹನ್ನೆರಡು ಲೈಕ್, ಅದರಲ್ಲಿ ನಾಲ್ಕು ನೆಂಟರದ್ದು. ಅಮ್ಮನಿಗೆ ಓದಿ ಹೇಳಿದರೆ ‘ಮುದ್ದೆ ಉಣ್ಣೋದ್ ಬಿಟ್ಟು ಇದೇನೋ?’ ಅಂದರು. ಡಿಲೀಟ್ ಮಾಡಿದೆ.

ಅಪ್ಪನ ಬೋರ್ಡುಗಳ ಬಲಗಡೆ ಕೆಳಮೂಲೆಯಲ್ಲಿ ಚಿಕ್ಕದಾಗಿ ಅವರ ಹೆಸರು, ಪಕ್ಕದಲ್ಲಿ ‘ಆರ್ಟ್ಸ್’ ಅಂತ ಇರುತ್ತೆ. ಬೆರಳುದ್ದ ಅಷ್ಟೇ. ಒಂದು ಅಂಗಡಿ ಬೋರ್ಡ್ ನೋಡಿದ ಮತ್ತೊಬ್ಬರು ‘ಇದನ್ನ ಬರೆದೋರು ಯಾರು?’ ಅಂತ ಕೇಳಿಕೊಂಡು ಮನೆಗೆ ಬರುತ್ತಿದ್ದರು. ಬೋರ್ಡ್ ಚೆನ್ನಾಗಿದ್ದರೆ ತಾನೇ ಮೂಲೆಯ ಹೆಸರು ಹುಡುಕೋದು?

ಹಾಗಾಗಿ ಪಾಠ ಬಿಟ್ಟು ಕೆಲಸ ಬರೆದೆ. ಆ ರಿಪೋರ್ಟ್ ಯಾಕೆ ನಿಧಾನ ಆಗಿತ್ತು, ಮೊದಲು ಎಲ್ಲಿ ತಪ್ಪು ಹುಡುಕಿದೆ, ಕೊನೆಗೆ ಎಲ್ಲಿ ಸಿಕ್ಕಿತು ಅಂತ ಹದಿನೈದು ಸಾಲು, ಜೊತೆಗೆ ಆ ಚಿತ್ರ. ಹೆಚ್ಚು ಲೈಕ್ ಬರಲಿಲ್ಲ. ಆದರೆ ಹಿಂದೆ ಜೊತೆಗೆ ಕೆಲಸ ಮಾಡಿದ್ದ ಸೀನಿಯರ್ ಒಬ್ಬರು ಕೆಳಗೆ ಬರೆದರು: ‘ಆ ವಾರ ನಾನೂ ಇದ್ದೆ, ಇವನು ಎರಡು ರಾತ್ರಿ ಕೂತು ಹುಡುಕಿದ.’ ಮರುವಾರ ಅವರೇ ತಮ್ಮ ಕಂಪನಿಗೆ ನನ್ನನ್ನು ರೆಫರ್ ಮಾಡಿದರು.

ಇಂಟರ್‌ವ್ಯೂನಲ್ಲಿ ಆ ಚಿತ್ರದ ಮೇಲೆಯೇ ನಲವತ್ತು ನಿಮಿಷ ಮಾತಾಯಿತು. ‘ಇಲ್ಲಿ ಮೆಮೊರಿ ಸಾಕಾಗದೇ ಇದ್ದಿದ್ದರೆ?’ ಅಂತ ಕೇಳಿದರು. ಆ ತೊಂದರೆ ನನಗೂ ಬಂದಿತ್ತು, ಹೇಳಿದೆ. ಒಂದು ಪ್ರಶ್ನೆಗೆ ‘ಗೊತ್ತಿಲ್ಲ’ ಅಂದೆ. ಅವರು ನಕ್ಕು ಮುಂದಿನದಕ್ಕೆ ಹೋದರು. ಕೆಲಸ ಸಿಕ್ಕಿತು. ಸಂಬಳ ಮೊದಲಿನಷ್ಟೇ, ಹೈಕ್ ಇಲ್ಲ. ಎರಡು ಇಎಂಐ ಗೆಳೆಯನ ಸಾಲದಲ್ಲಿ ಕಟ್ಟಿದ್ದೆ, ಅದನ್ನು ತೀರಿಸುತ್ತಿದ್ದೇನೆ.

ಇವತ್ತು ರಾತ್ರಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮೂರು ಕೆಲಸ ಮಾಡಿ ನೋಡಿ.

ನಿಮ್ಮ ರೆಸ್ಯೂಮ್ ಪಿಡಿಎಫ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಹೆಸರು, ಫೋನ್, ಅನುಭವ ಕ್ರಮವಾಗಿ ಬಂದರೆ ಸರಿ, ಕಲಸಿಹೋದರೆ ಸಾದಾ ಹಾಳೆ ಬೇಕು.

ಆಮೇಲೆ ಅದನ್ನು ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಮನೆಯವರಿಗೆ ಏಳು ಸೆಕೆಂಡ್ ತೋರಿಸಿ, ಫೋನ್ ವಾಪಸ್ ತಗೊಂಡು, ‘ನಾನು ಏನು ಮಾಡ್ತೀನಿ?’ ಅಂತ ಕೇಳಿ.

ಕೊನೆಯದಾಗಿ, ಇಂಟರ್‌ವ್ಯೂನಲ್ಲಿ ಕೇಳಿದರೆ ಹತ್ತು ನಿಮಿಷ ಮಾತಾಡಲಾಗದ ಪದ ಅದರಲ್ಲಿ ಯಾವುದಿದೆಯೋ ಅದನ್ನು ಅಳಿಸಿ. ನನ್ನದರಲ್ಲಿ ಒಂದಲ್ಲ, ನಾಲ್ಕು ಸಿಕ್ಕಿದ್ದವು.