ದೇವರು ಮೇಲೆ, ಊರು ಕೆಳಗೆ

ಹುಣಸೂರಿನಿಂದ ಚಿಲ್ಕುಂದದ ಮೇಲೆ ಉತ್ತರಕ್ಕೆ ಹೊರಟರೆ ಬೆಟ್ಟದಪುರಕ್ಕಿಂತ ಮೊದಲು ಬೆಟ್ಟವೇ ಎದುರಾಗುತ್ತದೆ. ಸುತ್ತ ಏರಿಳಿಯುವ ಕೆಮ್ಮಣ್ಣಿನ ಹೊಲಗಳು; ನಡುವೆ ಇದೊಂದೇ ಎದ್ದು ನಿಂತಿದೆ, ಸಮುದ್ರಮಟ್ಟದಿಂದ 4,300 ಅಡಿಗೂ ಮೇಲೆ. ರಸ್ತೆ ತಿರುಗಿದ ಹಾಗೆಲ್ಲ ಅದೂ ಮಗ್ಗುಲು ಬದಲಿಸುತ್ತದೆ. ಒಮ್ಮೆ ಬರೀ ಬಂಡೆ, ಒಮ್ಮೆ ಕುರುಚಲು ಹಸಿರು, ಮಳೆಗಾಲದಲ್ಲಾದರೆ ನೆತ್ತಿ ಮೋಡದೊಳಗೆ.

ಇಟಲಿಯ ನಡುನಾಡಿನಲ್ಲಿ ಒರ್ವಿಯೆಟೊದಂಥ ಊರುಗಳು ಬೆಟ್ಟದ ತಲೆಯ ಮೇಲೆಯೇ ಕೂತಿವೆ. ಕೆಳಗೆ ದಂಡಿನ ಭಯ, ಜೌಗಿನ ಜ್ವರದ ಭಯ; ಜನ ಮೇಲೆ ಹತ್ತಿ ಗೋಡೆ ಕಟ್ಟಿಕೊಂಡರು. ಪಿರಿಯಾಪಟ್ಟಣ ತಾಲ್ಲೂಕಿನ ಈ ಊರಿನವರು ಹಾಗೆ ಮಾಡಲಿಲ್ಲ. ದೇವರನ್ನು ಮೇಲೆ ಕೂರಿಸಿ, ತಾವು ಹೊಲವಿದ್ದಲ್ಲಿ, ಬೆಟ್ಟದ ಪಾದದಲ್ಲಿ ಉಳಿದರು. ಇದೇ ಜಾಣತನ ಎನ್ನುತ್ತೇನೆ ನಾನು.

ಮೇಲಿರುವವನು ಸಿಡಿಲು ಮಲ್ಲಿಕಾರ್ಜುನ. ಹನ್ನೆರಡು ವರ್ಷಕ್ಕೊಮ್ಮೆ ಸಿಡಿಲು ಬಂದು ಲಿಂಗವನ್ನು ಮುಟ್ಟಿ ಹೋಗುತ್ತದೆ, ಲಿಂಗಕ್ಕೆ ಏನೂ ಆಗುವುದಿಲ್ಲ ಎಂಬುದು ಇಲ್ಲಿನ ನಂಬಿಕೆ. ಬಯಲ ನಡುವಿನ ಒಂಟಿ ಶಿಖರಕ್ಕೆ ಸಿಡಿಲು ಎರಗುವುದರಲ್ಲಿ ಸೋಜಿಗವಿಲ್ಲ. ಹನ್ನೆರಡರ ಲೆಕ್ಕ ಮಾತ್ರ ಭಕ್ತರದು. ಹೆದರಿಸುವ ಸಿಡಿಲನ್ನು ಪೂಜೆಗೆ ಬರುವ ನೆಂಟನನ್ನಾಗಿ ಮಾಡಿಕೊಂಡ ಜನರ ಮೇಲೆ ನನಗೆ ಅಕ್ಕರೆ. ಹತ್ತಲು ಮೂರು ಸಾವಿರಕ್ಕೂ ಮಿಕ್ಕಿದ ಕಲ್ಲುಮೆಟ್ಟಿಲು. ಮೊದಲ ಕೆಲವು ನೂರು ಮೆಟ್ಟಿಲಲ್ಲಿ ಹರಟೆ ನಡೆಯುತ್ತದೆ, ಆಮೇಲೆ ಉಸಿರಿನದೇ ಸದ್ದು. ಅರ್ಧ ಹಾದಿಯಲ್ಲಿ ಕೂತು ತಿರುಗಿ ನೋಡಿದರೆ ಊರಿನ ಹೆಂಚು, ತೆಂಗಿನ ತಲೆ, ಕೆರೆಯ ಹೊಳಪು ಎಲ್ಲ ಅಂಗೈಯಗಲ. ದೀಪಾವಳಿಯ ಹೊತ್ತಿನ ಜಾತ್ರೆಯಲ್ಲಿ ದೀವಟಿಗೆಗಳ ಬೆಳಕಿನಲ್ಲಿ ಉತ್ಸವ ಹೊರಡುತ್ತದೆ.

ಈ ದೇವರಿಗೆ ಒಂದು ಕಾಲದಲ್ಲಿ ಅನ್ನದಾನಿ ಮಲ್ಲಿಕಾರ್ಜುನ ಎಂಬ ಹೆಸರಿತ್ತು, ಬೆಟ್ಟ ಶ್ರೀಗಿರಿ ಎನಿಸಿಕೊಂಡಿತ್ತು. ಚಂಗಾಳ್ವ ಅರಸರ ಮನೆದೇವರು ಇವನೇ. ಹುಣಸೂರು, ಪಿರಿಯಾಪಟ್ಟಣ ಮತ್ತು ಕೊಡಗಿನ ಒಂದು ಭಾಗವನ್ನು ಆಳಿದ ಈ ಮನೆತನ ಚೋಳರಿಗೂ ಹೊಯ್ಸಳರಿಗೂ ವಿಜಯನಗರಕ್ಕೂ ಒಬ್ಬರಾದ ಮೇಲೊಬ್ಬರಿಗೆ ತಲೆಬಾಗಿ ಬದುಕಿತು. ಮೊದಲು ಅವರು ಜೈನರು. ಕೆ.ಆರ್. ನಗರದ ಕಡೆಯ ಹನಸೋಗೆಯ ಬಸದಿಗಳು ಆ ಕಾಲದವು. ಆಮೇಲೆ ಶೈವರಾದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುಗಳ ಮನೆಯಲ್ಲಿ ಮಾತ್ರ 16ನೇ ಶತಮಾನದ ಆರಂಭದಲ್ಲೂ ಮೂರನೆಯ ಮಂಗರಸನೆಂಬ ಜೈನಕವಿಯಿದ್ದ. ಜಯನೃಪ ಕಾವ್ಯದ ಜೊತೆಗೆ ಅಡುಗೆಯ ಮೇಲೆ ಸೂಪಶಾಸ್ತ್ರವನ್ನೂ ಬರೆದ. ಆಳುವ ಮನೆತನದವನೊಬ್ಬ ಅಡುಗೆ ಪುಸ್ತಕ ಬರೆದದ್ದು ಯುದ್ಧ ಗೆದ್ದದ್ದಕ್ಕಿಂತ ದೊಡ್ಡದು. ದೇವರಾಜ ಅರಸರು ಹುಟ್ಟಿದ್ದೂ ಅದೇ ಕಲ್ಲಹಳ್ಳಿಯಲ್ಲಿ, 1915ರಲ್ಲಿ.

ಚಂಗಾಳ್ವರ ಕಥೆ ಮುಗಿದದ್ದು ಪಿರಿಯಾಪಟ್ಟಣದ ಕೋಟೆಯಲ್ಲಿ. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯ ಬಂದು ಮುತ್ತಿತು. ಇನ್ನು ಉಳಿಗಾಲವಿಲ್ಲವೆಂದು ತಿಳಿದ ಚಂಗಾಳ್ವ ಅರಸ ವೀರರಾಜ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಹೋರಾಡುತ್ತ ಸತ್ತನೆಂದು ಹೇಳುತ್ತಾರೆ. ಕೋಟೆಗೂ ನೆಮ್ಮದಿ ಸಿಗಲಿಲ್ಲ. 1791ರಲ್ಲಿ ಇಂಗ್ಲಿಷರ ಮುಂಬಯಿ ಸೈನ್ಯ ಕೊಡಗಿನ ಹಾದಿಯಲ್ಲಿ ಬರುತ್ತಿದ್ದಾಗ, ಅವರ ಕೈಗೆ ಸಿಗದಿರಲೆಂದು ಟಿಪ್ಪುವೇ ಅದನ್ನು ಕೆಡವಿಸಿದ.

ಅರಸರ ಪಾಡು ಹೀಗಾದರೆ ಬೆಟ್ಟದ ಪಾದದ ಊರು ತನ್ನ ಪಾಡಿಗೆ ತಾನಿತ್ತು. ಇಲ್ಲಿನ ಸಂಕೇತಿ ಬ್ರಾಹ್ಮಣರು ತಮಿಳುನಾಡಿನ ಸೆಂಗೋಟೆಯ ಕಡೆಯಿಂದ ಬಂದವರು. ಪಾಂಡಿತ್ಯದ ಕಾರಣಕ್ಕೆ ಅವಮಾನಕ್ಕೊಳಗಾದ ನಾಚಾರಮ್ಮನೆಂಬ ಹೆಣ್ಣುಮಗಳು ಆ ಊರನ್ನು ಶಪಿಸಿ, ತನ್ನ ಜೊತೆ ಬಂದವರನ್ನು ಕರೆದುಕೊಂಡು ಹೊರಟಳಂತೆ. ಒಂದು ಗುಂಪು ಹಾಸನದ ಕೌಶಿಕದಲ್ಲಿ ನಿಂತಿತು, ಇನ್ನೊಂದು ಇಲ್ಲಿ. ಇಂದಿಗೂ ಕೌಶಿಕ ಸಂಕೇತಿ, ಬೆಟ್ಟದಪುರ ಸಂಕೇತಿ ಎಂದೇ ಗುರುತು. ಮನೆಯೊಳಗೆ ತಮಿಳು, ಮಲಯಾಳಂ, ಕನ್ನಡ ಕಲೆತ ಮಾತು. ಕಾವೇರಿ ದಂಡೆಯ ರುದ್ರಪಟ್ಟಣದಲ್ಲಿ ನೆಲೆಸಿದ ಸಂಕೇತಿಗಳು ಸಂಗೀತ ಹಿಡಿದರು, ಗಾಯಕ ಆರ್.ಕೆ. ಶ್ರೀಕಂಠನ್ ಅಲ್ಲಿಯವರು.

ಈಗ ಬೆಟ್ಟದ ಸುತ್ತ ಹೊಗೆಸೊಪ್ಪಿನ ರಾಜ್ಯ. ಮಳೆಗಾಲ ನಡೆಯುತ್ತಿದ್ದಂತೆ ಎಲೆ ಒಣಗಿಸುವ ಬ್ಯಾರನ್‌ಗಳಲ್ಲಿ ಬೆಂಕಿ ಹೊತ್ತುತ್ತದೆ, ಹದವಾಗುವ ಎಲೆಯ ವಾಸನೆ ರಸ್ತೆಯವರೆಗೂ ಬರುತ್ತದೆ. ಆ ಬೆಂಕಿಗೆ ಬೇಕಾದ ಸೌದೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ.

ಬೈಲಕುಪ್ಪೆಯ ಟಿಬೆಟನ್ ಮಠದ ಚಿನ್ನದ ಬುದ್ಧನನ್ನು ನೋಡಲು ಮೈಸೂರಿನಿಂದ ದಿನವೂ ವಾಹನಗಳು ಈ ತಾಲ್ಲೂಕನ್ನು ಹಾದುಹೋಗುತ್ತವೆ. ಬೆಟ್ಟದಪುರಕ್ಕೆ ತಿರುಗುವವರು ವಿರಳ. ಮುಂದಿನ ಸಲ ಕೊಡಗಿಗೆ ಹೊರಟಾಗ ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಬಲಕ್ಕೆ ಹೊರಳಿ. ಬಿಸಿಲೇರುವ ಮೊದಲೇ ಹತ್ತಲು ಶುರುಮಾಡಿ, ನೀರು ಕೈಯಲ್ಲಿರಲಿ, ಗುಡುಗು ಕೇಳಿಸಿದರೆ ಮಾತ್ರ ಆ ದಿನ ಬೆಟ್ಟದ ತಂಟೆಗೆ ಹೋಗಬೇಡಿ.