ಎರಡು ವಿದ್ಯುನ್ಮಾನ ಪೇಟೆಗಳು: ಗದಗ ಸೀಮೆಯ ಮಾರಾಟಗಾರರು ಮತ್ತು ಕಾನೂನು

ಗದಗ-ಬೆಟಗೇರಿ ಅವಳಿ ನಗರದ ಮಾರಾಟಗಾರರ ಮುಂದೆ ಇಂದು ಎರಡು ಬಗೆಯ ವಿದ್ಯುನ್ಮಾನ ಪೇಟೆಗಳಿವೆ. ಒಂದು, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣದ ಇ-ಟೆಂಡರ್. ಇನ್ನೊಂದು, ಬೆಟಗೇರಿಯ ನೇಕಾರರು ನೇಯ್ದ ಸೀರೆಯೂ ಏರಬಹುದಾದ ಖಾಸಗಿ ಅಂತರ್ಜಾಲ ವೇದಿಕೆ. ಎರಡರ ತಂತ್ರಜ್ಞಾನ ಒಂದೇ ಬಗೆಯದಾದರೂ ಮಾರುವವರ ಸ್ಥಾನ ಬೇರೆಬೇರೆ. ಈ ಭೇದದ ಮೂಲವನ್ನು ಕಾನೂನಿನಲ್ಲಿ ಹುಡುಕಬೇಕಾಗುತ್ತದೆ.

ಎರೆ-ಮಸಾರಿ ನೆಲಗಳ ಹೆಸರು, ಕಡಲೆ, ಶೇಂಗಾ, ಒಣಮೆಣಸಿನಕಾಯಿಗಳಿಗೆ ಗದಗ, ಮುಂಡರಗಿ ಹಾಗೂ ಹಿಂದೆ ಶಿರಹಟ್ಟಿ ತಾಲ್ಲೂಕಿಗೆ ಸೇರಿದ್ದ ಲಕ್ಷ್ಮೇಶ್ವರ ಪೇಟೆಸ್ಥಳಗಳಾಗಿವೆ. 1966ರ ಕೃಷಿ ಉತ್ಪನ್ನ ಮಾರಾಟ ನಿಯಂತ್ರಣ ಕಾಯ್ದೆಯು ದಲಾಲರಿಗೂ ಖರೀದಿದಾರರಿಗೂ ಲೈಸೆನ್ಸನ್ನು ಕಡ್ಡಾಯಗೊಳಿಸಿ, ಮಾರುಕಟ್ಟೆ ಶುಲ್ಕ ಮತ್ತು ದಲಾಲಿಯ ಹೊರೆಯನ್ನು ಕೊಳ್ಳುವವರ ಮೇಲೆ ಇರಿಸಿತು. 2014ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯು ಈ ಚೌಕಟ್ಟನ್ನೇ ಗಣಕಕ್ಕೆ ಅಳವಡಿಸಿಕೊಂಡಿತು. ಪ್ರತಿ ರಾಶಿಗೂ ಲಾಟ್ ಸಂಖ್ಯೆ ದೊರೆಯುತ್ತದೆ; ವರ್ತಕರು ಪರಸ್ಪರರ ಬೆಲೆಯನ್ನು ಕಾಣದೆ ಟೆಂಡರ್ ಹಾಕುತ್ತಾರೆ; ಒಪ್ಪಿಗೆಯಾಗದ ಬೆಲೆಯನ್ನು ನಿರಾಕರಿಸುವ ಹಕ್ಕು ರೈತರದು. ಆದರೆ ಬಿತ್ತನೆಗೆ ಮುಂಗಡ ಕೊಟ್ಟ ದಲಾಲರ ಅಂಗಡಿಯಲ್ಲಿಯೇ ರಾಶಿ ಇಳಿದಾಗ, ಸಾಲದ ಲೆಕ್ಕದ ಮುಂದೆ ಈ ಹಕ್ಕು ದುರ್ಬಲವಾಗುತ್ತದೆಂಬುದನ್ನು ಮರೆಯುವಂತಿಲ್ಲ.

ಖಾಸಗಿ ವೇದಿಕೆಯ ಕ್ರಮ ಇದಕ್ಕೆ ವಿರುದ್ಧವಾದುದು. ಅಲ್ಲಿ ಕಮಿಷನ್ನನ್ನು ಮಾರುವವರ ಹಣದಿಂದಲೇ ಮುರಿದುಕೊಳ್ಳಲಾಗುತ್ತದೆ; ಅದರ ದರಕ್ಕೆ ಕಾನೂನು ಮಿತಿ ಹಾಕಿಲ್ಲ. 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ನಿಯಮವು, ವಿದೇಶಿ ಬಂಡವಾಳದ ವೇದಿಕೆಗಳು ತಮ್ಮಲ್ಲಿ ಮಾತ್ರ ಮಾರಬೇಕೆಂದು ಕಡ್ಡಾಯಪಡಿಸುವುದನ್ನು ನಿಷೇಧಿಸಿತು. 2020ರ ಗ್ರಾಹಕ ಸಂರಕ್ಷಣಾ ನಿಯಮಗಳು, ಯಾವ ಸರಕನ್ನು ಮುಂದೆ, ಯಾವುದನ್ನು ಹಿಂದೆ ತೋರಿಸಲಾಗುತ್ತದೆ ಎಂಬುದರ ಮುಖ್ಯ ಮಾನದಂಡಗಳನ್ನು ತಿಳಿಸಬೇಕೆಂದು ವಿಧಿಸಿದವು. ಇನ್ನು ತೆರಿಗೆಯ ಮಾತು. ಬೀದಿಯ ಸಣ್ಣ ಅಂಗಡಿಗೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿಯಿಂದ ಇದ್ದ ವಿನಾಯಿತಿ, ಅಂತರ್ಜಾಲದಲ್ಲಿ ಮಾರುವ ಅದೇ ಗಾತ್ರದ ವ್ಯಾಪಾರಿಗೆ ದೊರೆತದ್ದು 2023ರ ಅಕ್ಟೋಬರ್ 1ರಿಂದ. ಅದೂ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಸೊಲ್ಲಾಪುರದ ಗಿರಾಕಿಗೆ ಸರಕು ಕಳುಹಿಸುವವರಿಗೆ ಅದು ಅನ್ವಯಿಸುವುದಿಲ್ಲ.

ಪ್ರಾಂಗಣದ ಕಾನೂನು ರೈತರನ್ನು ರಕ್ಷಣೆ ಬೇಕಾದವರೆಂದು ಗ್ರಹಿಸಿತು. ಅಂತರ್ಜಾಲದ ಕಾನೂನು ನೇಕಾರರನ್ನು ವೇದಿಕೆಯೊಡನೆ ಕರಾರು ಮಾಡಿಕೊಳ್ಳುವ ಸ್ವತಂತ್ರ ವ್ಯಾಪಾರಿಗಳೆಂದು ಎಣಿಸಿತು. 'ಮಾರಾಟಗಾರ' ಎಂಬ ಒಂದೇ ಪದ ಈ ಎರಡು ಸ್ಥಿತಿಗಳನ್ನೂ ಮರೆಮಾಡುತ್ತದೆ. ಹೀಗಾಗಿ, ಮಗ್ಗದ ಮುಂದೆ ಕುಳಿತವರಿಗೆ ಕರಾರಿನ ಷರತ್ತುಗಳ ಬಗೆಗೆ ಚೌಕಾಸಿ ಮಾಡುವ ಶಕ್ತಿ ನಿಜವಾಗಿಯೂ ಇದೆಯೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆಯಾಗುತ್ತದೆ.